ಟ್ಯಾಲಿ ಆಗದ ಕಣಿವೆ

ಬ್ಯಾಂಕಿಗೆ ಕಂಪ್ಯೂಟರ್ ಬರುವುದಕ್ಕೆ ಮುಂಚಿನ ಮಾತು. ಸಂಜೆ ಕೌಂಟರ್ ಮುಚ್ಚಿದ ಮೇಲೆ ನಾವು ಗುಮಾಸ್ತರು ದಪ್ಪ ದಪ್ಪ ಲೆಡ್ಜರುಗಳನ್ನು ಹರಡಿಕೊಂಡು ಕೂರುತ್ತಿದ್ದೆವು. ಒಂದೊಂದು ಖಾತೆಯ ಬಾಕಿಯನ್ನೂ ಕೂಡಿಸುತ್ತ ಹೋದರೆ ಕೊನೆಗೆ ಬರುವ ಮೊತ್ತ ದೊಡ್ಡ ಪುಸ್ತಕದ ಮೊತ್ತಕ್ಕೆ ಸರಿಹೊಂದಬೇಕು. ಹೊಂದಿದರೆ ‘ಟ್ಯಾಲಿ ಆಯ್ತು’ ಎಂದು ಎಲ್ಲರೂ ಮನೆಗೆ. ಹೊಂದದಿದ್ದರೆ ರಾತ್ರಿ ಒಂಬತ್ತಾದರೂ ಅಲ್ಲೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗೆ ಒಂದು ರಾತ್ರಿ 450 ರೂಪಾಯಿ ವ್ಯತ್ಯಾಸ ಬಂದು ನಾನು ಬೆವತುಹೋಗಿದ್ದೆ. ನಮ್ಮ ಹೆಡ್ ಕ್ಲರ್ಕು ಚಹಾ ಹೀರುತ್ತ ಕೇಳಿದರು: “ಒಂಬತ್ತರಿಂದ ಭಾಗಿಸು, ಹೋಗುತ್ತಾ?” ಹೋಯಿತು. “ಹಾಗಾದ್ರೆ ಎಲ್ಲೋ ಎರಡು ಅಂಕಿ ಅದಲು ಬದಲಾಗಿದೆ, ಹುಡುಕು” ಎಂದರು. ಹುಡುಕಿದೆ. 270 ಎಂದು ಬರೆಯುವಲ್ಲಿ 720 ಎಂದು ಬರೆದಿದ್ದೆ. ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಮಕ್ಕಳೇ, ಬೇಕಾದರೆ ನೀವೂ ಪರೀಕ್ಷಿಸಿ ನೋಡಿ. ಅಂದು ಅವರು ಹೇಳಿದ ಮಾತು ನನಗಿನ್ನೂ ನೆನಪಿದೆ: “ವ್ಯತ್ಯಾಸ ಬಂತು ಅಂತ ಹೆದರಬೇಡ. ತಪ್ಪು ಎಲ್ಲಿದೆ ಅಂತ ಅದೇ ಹೇಳುತ್ತೆ.”

ಇಷ್ಟು ವರ್ಷಗಳ ಮೇಲೆ ಈ ಮಾತು ಮತ್ತೆ ನೆನಪಾದದ್ದು ಮೊಮ್ಮಗಳ ದೆಸೆಯಿಂದ. ಅವಳ ಗಣಿತದ ಪುಸ್ತಕದಲ್ಲಿ ಒಂದು ಲೆಕ್ಕವಿತ್ತು. ಒಂದು ಪಟ್ಟಣದ ಜನಸಂಖ್ಯೆ 10,000. ವರ್ಷಕ್ಕೆ ಶೇಕಡ 2ರಂತೆ ಏರಿದರೆ ಮೂರು ವರ್ಷಗಳ ನಂತರ ಎಷ್ಟು? ಚಕ್ರಬಡ್ಡಿಯ ಸೂತ್ರ. ಅದನ್ನು ನಾನು ನಿದ್ದೆಯಲ್ಲೂ ಮಾಡಬಲ್ಲೆ. ಉತ್ತರ 10,612.08 ಬಂತು.

“ತಾತ, ಆ ದಶಮಾಂಶ ಸೊನ್ನೆ ಎಂಟು ಮನುಷ್ಯ ಯಾರು?” ಎಂದು ಕೇಳಿದಳು.

ನಾನು ನಕ್ಕೆ. ಆದರೆ ಅವಳ ಪ್ರಶ್ನೆಯಲ್ಲಿ ಹುರುಳಿತ್ತು. ಫಿಕ್ಸೆಡ್ ಡಿಪಾಜಿಟ್ಟು ಸುಮ್ಮನೆ ಕಪಾಟಿನಲ್ಲಿ ಕೂತು ಬೆಳೆಯುತ್ತದೆ. ಅದಕ್ಕೆ ಹಸಿವಿಲ್ಲ, ಮದುವೆಯಿಲ್ಲ, ಮುಪ್ಪಿಲ್ಲ. ಬೇಸರವಾಯಿತೆಂದು ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಬ್ಯಾಂಕಿಗೆ ಹೋಗುವುದೂ ಇಲ್ಲ. ಜನ ಹಾಗಲ್ಲವಲ್ಲ. ಹಾಗಾದರೆ ಒಂದು ಊರಿನ ಜನ ಹೆಚ್ಚುವುದನ್ನೂ ಕಡಿಮೆಯಾಗುವುದನ್ನೂ ಲೆಕ್ಕ ಹಾಕುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಕಂಡುಕೊಂಡಿರುವ ಒಂದು ದಾರಿಯ ಕಥೆಯನ್ನು ಈ ವಾರ ಹೇಳುತ್ತೇನೆ.

ಗಣಕದೊಳಗೊಂದು ಊರು

ಚಿಕ್ಕಂದಿನಲ್ಲಿ ಅಡುಗೆಯಾಟ ಆಡದವರು ಯಾರಿದ್ದಾರೆ? ಮಣ್ಣೇ ಅನ್ನ, ಎಲೆಯೇ ತಟ್ಟೆ. ಒಬ್ಬಳು ಅಮ್ಮ, ಒಬ್ಬ ಅಪ್ಪ, ಇನ್ನೊಬ್ಬ ಅಂಗಡಿಯವನು. ಒಬ್ಬೊಬ್ಬರಿಗೂ ಒಂದೊಂದು ಕೆಲಸ, ಒಂದಿಷ್ಟು ನಿಯಮ. ಆಟ ಸಾಗಿದಂತೆ ಒಂದು ಸಣ್ಣ ಊರೇ ಎದ್ದು ನಿಲ್ಲುತ್ತದೆ.

ಕಂಪ್ಯೂಟರಿನೊಳಗೆ ಇಂಥದೇ ಆಟ ಆಡಿಸುವುದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ. ಅಣಕು ಪ್ರಯೋಗ ಎನ್ನಬಹುದು. ಇಲ್ಲಿ ಊರಿನ ಒಟ್ಟು ಜನಸಂಖ್ಯೆಗೆ ಒಂದೇ ಸೂತ್ರ ಹಚ್ಚುವುದಿಲ್ಲ. ಪ್ರತಿ ಸಂಸಾರವನ್ನೂ ಬೇರೆ ಬೇರೆಯಾಗಿ ಇಟ್ಟು, ಅದಕ್ಕೆ ಹೊಲ, ಕಣಜ, ವಯಸ್ಸು, ಹಸಿವು ಎಲ್ಲವನ್ನೂ ಅಂಕಿಗಳಲ್ಲಿ ಕೊಡುತ್ತಾರೆ. ನಮ್ಮ ಲೆಡ್ಜರಿನಲ್ಲಿ ಒಂದು ಖಾತೆಗೆ ಒಂದು ಪುಟ ಇದ್ದ ಹಾಗೆ ಇಲ್ಲಿ ಒಂದು ಸಂಸಾರಕ್ಕೆ ಒಂದು ಪುಟ. ಈ ಸಂಸಾರವನ್ನು ಅವರು ‘ಏಜೆಂಟ್’ ಎಂದು ಕರೆಯುತ್ತಾರೆ. ವಿಮೆ ಏಜೆಂಟ್ ಅಲ್ಲ, ತನ್ನ ನಿರ್ಧಾರವನ್ನು ತಾನೇ ತೆಗೆದುಕೊಳ್ಳುವ ಪಾತ್ರ ಎಂದರ್ಥ.

ಜೋಶುವಾ ಎಪ್‌ಸ್ಟೈನ್ ಮತ್ತು ರಾಬರ್ಟ್ ಆಕ್ಸ್‌ಟೆಲ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು 1996ರಲ್ಲಿ ಇಂಥ ಆಟದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವರ ಕಂಪ್ಯೂಟರಿನ ಪರದೆಯ ಮೇಲೆ ಸಕ್ಕರೆಯ ಗುಡ್ಡಗಳು, ಸಕ್ಕರೆ ತಿಂದು ಬದುಕುವ ಚುಕ್ಕೆಗಳು. ಆ ಚುಕ್ಕೆಗಳು ಅಲೆದಾಡಿ, ಮಕ್ಕಳನ್ನು ಪಡೆದು, ಸಾಯುತ್ತಿದ್ದವು. ಆದರೆ ಅದು ಕಲ್ಪನೆಯ ಲೋಕ. ಅದರ ಉತ್ತರ ಸರಿಯೋ ತಪ್ಪೋ ಎಂದು ತಾಳೆ ನೋಡಲು ಇನ್ನೊಂದು ಪುಸ್ತಕ ಇರಲಿಲ್ಲ. ಟ್ಯಾಲಿ ಮಾಡಲು ಎರಡು ಮೊತ್ತ ಬೇಕಲ್ಲವೇ? ಅದಕ್ಕಾಗಿ ನಿಜವಾಗಿ ಜನ ಬಾಳಿದ್ದ, ಲೆಕ್ಕ ಸಿಗುವಂಥ ಒಂದು ಜಾಗ ಬೇಕಾಗಿತ್ತು.

ಬರಿದಾದ ಕಣಿವೆ

ಅಂಥ ಜಾಗ ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಮೂಲೆಯಲ್ಲಿ ಸಿಕ್ಕಿತು. ಹೆಸರು ಲಾಂಗ್ ಹೌಸ್ ಕಣಿವೆ. ಸುಮಾರು 96 ಚದರ ಕಿಲೋಮೀಟರ್ ವಿಸ್ತೀರ್ಣ. ಮಳೆ ಕಡಿಮೆ, ಚಳಿ ಹೆಚ್ಚು. ಈಗ ಅದು ನವಾಹೊ ಜನರ ನಾಡಿನೊಳಗಿದೆ. ಆದರೆ ಬಹಳ ಹಿಂದೆ ಅಲ್ಲಿ ಬೇರೊಂದು ಜನಾಂಗ ಮೆಕ್ಕೆಜೋಳ ಬೆಳೆದು ಬದುಕಿತ್ತು. ಪುರಾತತ್ವ ಶಾಸ್ತ್ರಜ್ಞರು ಅವರನ್ನು ಅನಸಾಜಿ ಎಂದು ಕರೆಯುತ್ತಿದ್ದರು. ಅದು ನವಾಹೊ ಭಾಷೆಯ ಪದ. ಅವರ ವಂಶಸ್ಥರಾದ ಹೋಪಿ ಮುಂತಾದ ಪ್ಯೂಬ್ಲೊ ಜನರಿಗೆ ಆ ಹೆಸರು ಹಿಡಿಸುವುದಿಲ್ಲ. ಆದ್ದರಿಂದ ಈಗ ‘ಪೂರ್ವಜ ಪ್ಯೂಬ್ಲೊಗಳು’ ಎನ್ನುವುದು ವಾಡಿಕೆ. ನಾವೂ ಹಾಗೇ ಕರೆಯೋಣ.

ಈ ಜನ ಕಲ್ಲಿನ ಮನೆ ಕಟ್ಟಿದರು, ಚಿತ್ತಾರದ ಮಡಕೆ ಮಾಡಿದರು. ಪಕ್ಕದ ಸೇಗಿ ಕಣಿವೆಯಲ್ಲಿ ಬಂಡೆಯ ದೊಡ್ಡ ಪೊಟರೆಯೊಳಗೆ ಅವರು ಕಟ್ಟಿದ ಬೆಟಾಟಾಕಿನ್ ಎಂಬ ಊರನ್ನು ಇವತ್ತಿಗೂ ನೋಡಬಹುದು. ಲಾಂಗ್ ಹೌಸ್ ಕಣಿವೆಯಲ್ಲಿ ಅವರ ಸಂಖ್ಯೆ ಏರಿ ಇಳಿದು, ಮತ್ತೆ ಏರಿ, ಉಚ್ಛ್ರಾಯದ ಕಾಲದಲ್ಲಿ ಸುಮಾರು 200 ಸಂಸಾರಗಳಾದವು. ಆಮೇಲೆ, ಸರಿಸುಮಾರು ಕ್ರಿ.ಶ. 1300ರ ಹೊತ್ತಿಗೆ, ಕಣಿವೆಯಲ್ಲಿ ಒಬ್ಬರೂ ಉಳಿಯಲಿಲ್ಲ.

ಎಲ್ಲಿಗೆ ಹೋದರು? ಯಾಕೆ ಹೋದರು? ಅವರು ಬರವಣಿಗೆ ಬಿಟ್ಟುಹೋಗಿಲ್ಲ. ಒಂದು ಶಾಸನವೂ ಇಲ್ಲ. ಆದರೆ ಮರಗಳು ಬರೆದಿಟ್ಟಿದ್ದವು.

ಮರದ ಪಾಸ್‌ಬುಕ್

ಮರ ಕಡಿದಾಗ ಕಾಂಡದಲ್ಲಿ ಬಳೆಗಳಂಥ ಉಂಗುರಗಳು ಕಾಣುವುದನ್ನು ನೀವು ನೋಡಿರುತ್ತೀರಿ. ಚಳಿಗಾಲವಿರುವ ಆ ಸೀಮೆಯಲ್ಲಿ ವರ್ಷಕ್ಕೆ ಒಂದು ಉಂಗುರ. ಮಳೆ ಚೆನ್ನಾಗಿ ಬಂದ ವರ್ಷ ಅಗಲ ಉಂಗುರ, ಬರದ ವರ್ಷ ಕಿರಿದು. ಮಳೆ ಜಮೆಯಾದದ್ದನ್ನು ವರ್ಷ ವರ್ಷವೂ ನಮೂದಿಸುವ ಪಾಸ್‌ಬುಕ್ ಎಂದುಕೊಳ್ಳಿ.

ಇದನ್ನು ಓದುವ ವಿದ್ಯೆಗೆ ಅಡಿಪಾಯ ಹಾಕಿದವರು ಆಂಡ್ರ್ಯೂ ಡಗ್ಲಾಸ್ ಎಂಬ ಖಗೋಳ ವಿಜ್ಞಾನಿ. ಅವರು ಹುಡುಕಲು ಹೊರಟದ್ದು ಸೂರ್ಯನ ಕಲೆಗಳಿಗೂ ಮಳೆಗೂ ಇರುವ ನಂಟನ್ನು. ಅದಕ್ಕಾಗಿ ಹಳೆಯ ಮರಗಳ ಉಂಗುರ ಎಣಿಸುತ್ತ ಹೋದರು. ಈಗಿನ ಮರಗಳಿಂದ ಹಿಂದಕ್ಕೆ ಎಣಿಸಿದ ಒಂದು ಸರಪಳಿ ಸಿಕ್ಕಿತು. ಹಾಳುಬಿದ್ದ ಮನೆಗಳ ತೊಲೆಗಳಿಂದ ಇನ್ನೊಂದು ಸರಪಳಿ ಸಿಕ್ಕಿತು. ಆದರೆ ಎರಡರ ನಡುವೆ ಕೊಂಡಿ ಇರಲಿಲ್ಲ. 1929ರಲ್ಲಿ ಅರಿಜೋನಾದ ಶೋ ಲೋ ಎಂಬಲ್ಲಿ ಅಗೆದಾಗ ಸುಟ್ಟು ಕರಕಲಾದ ಒಂದು ತೊಲೆ ಸಿಕ್ಕಿತು. ಅದರ ಉಂಗುರಗಳು ಎರಡೂ ಸರಪಳಿಗೆ ಹೊಂದಿಕೊಂಡವು. ಅಲ್ಲಿಂದ ಮುಂದೆ ಯಾವ ಮನೆಯ ತೊಲೆ ಯಾವ ವರ್ಷ ಕಡಿದದ್ದು ಎಂದು ಹೇಳುವುದು ಸಾಧ್ಯವಾಯಿತು. 1276ರಿಂದ 1299ರವರೆಗೆ ಆ ಸೀಮೆಯಲ್ಲಿ ಭೀಕರ ಬರ ಬಿದ್ದದ್ದೂ ಹೀಗೆಯೇ ತಿಳಿಯಿತು.

ಉಂಗುರಗಳ ಜೊತೆಗೆ ಮಣ್ಣಿನ ಪದರಗಳು, ಅದರಲ್ಲಿ ಹುದುಗಿದ್ದ ಹೂವಿನ ಪರಾಗ ಎಲ್ಲವನ್ನೂ ಪರೀಕ್ಷಿಸಿದರು. ಯಾವ ವರ್ಷ ಕಣಿವೆಯ ಯಾವ ಭಾಗದಲ್ಲಿ ಹೆಕ್ಟೇರಿಗೆ ಎಷ್ಟು ಕಿಲೋ ಜೋಳ ಬೆಳೆಯಬಹುದಿತ್ತು ಎಂಬ ಅಂದಾಜು ಸಿದ್ಧವಾಯಿತು. ಮನೆಗಳ ಅವಶೇಷಗಳನ್ನು ಎಣಿಸಿ, ಯಾವ ಕಾಲದಲ್ಲಿ ಎಷ್ಟು ಸಂಸಾರಗಳಿದ್ದವು ಎಂಬ ಪಟ್ಟಿಯನ್ನೂ ಪುರಾತತ್ವದವರು ಮಾಡಿದ್ದರು. ದೊಡ್ಡ ಪುಸ್ತಕದ ಮೊತ್ತ ಕೈಯಲ್ಲಿತ್ತು. ಇನ್ನು ಲೆಡ್ಜರ್ ಬರೆಯಬೇಕಿತ್ತು.

800 ಕಿಲೋ ಜೋಳದ ಸಂಸಾರ

ಎಪ್‌ಸ್ಟೈನ್, ಆಕ್ಸ್‌ಟೆಲ್ ಅವರ ಜೊತೆಗೆ ಉಂಗುರ ಶಾಸ್ತ್ರ ಬಲ್ಲ ಜೆಫ್ರಿ ಡೀನ್, ಪುರಾತತ್ವದ ಜಾರ್ಜ್ ಗಮರ್‌ಮನ್ ಮತ್ತಿತರರು ಕೂಡಿದರು. ಕಂಪ್ಯೂಟರಿನಲ್ಲಿ ಕಣಿವೆಯನ್ನು ಒಂದೊಂದು ಹೆಕ್ಟೇರಿನ, ಅಂದರೆ ಸುಮಾರು ಎರಡೂವರೆ ಎಕರೆಯ, ಚೌಕಗಳಾಗಿ ಹರಡಿದರು. ಕ್ರಿ.ಶ. 800ರಲ್ಲಿ ಕೆಲವೇ ಸಂಸಾರಗಳನ್ನು ಅಲ್ಲಿ ಬಿಟ್ಟು ಕಾಲವನ್ನು ವರ್ಷ ವರ್ಷವಾಗಿ ಮುಂದೆ ನಡೆಸಿದರು. ನಿಯಮಗಳು ಸರಳ.

ಒಂದು ಸಂಸಾರಕ್ಕೆ ಐದು ಜನ. ಒಬ್ಬರಿಗೆ ವರ್ಷಕ್ಕೆ 160 ಕಿಲೋ ಜೋಳ, ಸಂಸಾರಕ್ಕೆ 800 ಕಿಲೋ. ಉಳಿದ ಜೋಳವನ್ನು ಕಣಜದಲ್ಲಿ ಇಡಬಹುದು, ಆದರೆ ಎರಡು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಕಣಜದಲ್ಲಿ ಇರುವುದೂ ಬರಲಿರುವ ಬೆಳೆಯೂ ಸೇರಿದರೂ ಸಾಲದು ಎನ್ನಿಸಿದರೆ ಸಂಸಾರ ಬೇರೆ ಹೊಲ ಹುಡುಕಬೇಕು. ಹೊಲದಿಂದ ತೀರಾ ದೂರವಲ್ಲದ ಕಡೆ ಮನೆ ಮಾಡಬೇಕು. ಮಗಳಿಗೆ 16 ತುಂಬಿದರೆ ಹೊಸ ಸಂಸಾರ ಹೂಡಬಹುದು. ವಯಸ್ಸಾದ ಸಂಸಾರ ಮುಗಿಯುತ್ತದೆ. ಎಲ್ಲೂ ಹೊಲ ಸಿಗದವರು ಕಣಿವೆ ಬಿಡಬೇಕು. ಇಷ್ಟೇ.

ಮೊದಲು ಎಲ್ಲ ಸಂಸಾರಗಳೂ ಅಚ್ಚು ಹೊಡೆದಂತೆ ಒಂದೇ ಥರ ಇದ್ದವು. ಆಗ ಕಂಪ್ಯೂಟರಿನ ಕಣಿವೆಯಲ್ಲಿ ನಿಜಕ್ಕಿಂತ ಎಷ್ಟೋ ಹೆಚ್ಚು ಜನ ತುಂಬಿಕೊಂಡರು. ನಿಜವಾದ ಮನುಷ್ಯರು ಹಾಗಿರುವುದಿಲ್ಲ. ಒಬ್ಬರ ಆಯಸ್ಸು ಹೆಚ್ಚು, ಒಬ್ಬರದು ಕಡಿಮೆ. ಒಬ್ಬರ ಹೊಲ ಫಲವತ್ತು, ಇನ್ನೊಬ್ಬರದು ಬರಡು. ಇಂಥ ಏರುಪೇರುಗಳನ್ನು ಸೇರಿಸಿದ ಮೇಲೆ ಲೆಕ್ಕ ನಿಜಕ್ಕೆ ಹತ್ತಿರ ಬಂತು. ಅದೃಷ್ಟದ ಪಾತ್ರವೂ ಇರುವುದರಿಂದ ಒಮ್ಮೆ ಆಡಿಸಿ ಬಿಡುವಂತಿಲ್ಲ. ಮತ್ತೆ ಮತ್ತೆ ಆಡಿಸಿ ಸರಾಸರಿ ನೋಡಬೇಕು.

2002ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಕಂಪ್ಯೂಟರಿನ ಕಣಿವೆಯಲ್ಲಿ ಸಂಸಾರಗಳು ಏರಿದ ಕಾಲ, ಇಳಿದ ಕಾಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದ ಬಗೆ ಎಲ್ಲವೂ ಮಣ್ಣು ಅಗೆದು ಕಂಡ ಚರಿತ್ರೆಯನ್ನು ಬಹುಮಟ್ಟಿಗೆ ಹೋಲುತ್ತಿದ್ದವು. 1270ರ ಆಚೆ ಜನ ಸರ್ರನೆ ಕಡಿಮೆಯಾದದ್ದೂ ಸರಿಹೋಯಿತು.

ಆದರೆ ಒಂದು ಕಡೆ ಟ್ಯಾಲಿ ಆಗಲಿಲ್ಲ.

ವ್ಯತ್ಯಾಸ ಹೇಳಿದ್ದೇನು?

ನಿಜವಾದ ಕಣಿವೆ 1300ರ ಹೊತ್ತಿಗೆ ಪೂರ್ತಿ ಬರಿದಾಗಿತ್ತು. ಕಂಪ್ಯೂಟರಿನ ಕಣಿವೆಯಲ್ಲಿ ಹಾಗಾಗಲಿಲ್ಲ. ಬರ ಬಂತು, ಅಂತರ್ಜಲ ಇಳಿಯಿತು, ಹಳ್ಳಗಳು ಹೊಲದ ಮಣ್ಣು ಕೊರೆದವು, ಬಹಳಷ್ಟು ಜನ ಹೋದರು. ಆದರೂ ಕೆಲವು ಸಂಸಾರಗಳು ಅಲ್ಲೇ ಉಳಿದು, ಜೋಳ ಬೆಳೆದುಕೊಂಡು, 1350ರಲ್ಲಿ ಆಟ ಮುಗಿಯುವವರೆಗೂ ಬದುಕಿದ್ದವು.

ಕಂಪ್ಯೂಟರ್ ತಪ್ಪು ಮಾಡಿತು ಎಂದು ಬದಿಗಿಡಬಹುದಿತ್ತು. ಸಂಶೋಧಕರು ಹಾಗೆ ಮಾಡಲಿಲ್ಲ. ನಮ್ಮ ಹೆಡ್ ಕ್ಲರ್ಕಿನ ಹಾಗೆ ಆ ವ್ಯತ್ಯಾಸವನ್ನೇ ಎದುರಿಗಿಟ್ಟುಕೊಂಡರು. ಮಣ್ಣು, ನೀರು, ಜೋಳ ಇಷ್ಟನ್ನೇ ನೋಡಿದರೆ ಒಂದಷ್ಟು ಜನ ಅಲ್ಲಿ ಉಳಿಯಬಹುದಿತ್ತು ಎಂದು ಲೆಕ್ಕ ಹೇಳುತ್ತಿದೆ. ಆದರೂ ಯಾರೂ ಉಳಿಯಲಿಲ್ಲ. ಅಂದರೆ ಕೊನೆಯವರು ಹೋದದ್ದಕ್ಕೆ ಹಸಿವೊಂದೇ ಕಾರಣವಲ್ಲ. ಲೆಡ್ಜರಿನಲ್ಲಿ ಇಲ್ಲದ ಬೇರೆ ಏನೋ ಇದೆ. ಹೋದ ಬಂಧುಗಳ ಸೆಳೆತವಿರಬಹುದು. ನಾಲ್ಕಾರು ಸಂಸಾರಗಳಿಂದ ಪೂಜೆ, ಹಬ್ಬ, ಮದುವೆ, ಊರೊಟ್ಟಿನ ಕೆಲಸ ನಡೆಸಲಾಗದೆ ಇದ್ದಿರಬಹುದು.

ಇದನ್ನು ಓದಿದಾಗ ನನಗೆ ನಮ್ಮ ತಂದೆಯ ಹಳ್ಳಿ ಕಣ್ಣಿಗೆ ಬಂತು. ನಾನು ಚಿಕ್ಕವನಾಗಿದ್ದಾಗ ನಮ್ಮ ಕೇರಿಯಲ್ಲಿ ಹದಿನಾಲ್ಕು ಮನೆಗಳಿದ್ದವು. ಓದಲು ಹೋದವರು ವಾಪಸು ಬರಲಿಲ್ಲ, ಕೆಲಸ ಸಿಕ್ಕವರು ಅಪ್ಪ ಅಮ್ಮನನ್ನೂ ಕರೆದುಕೊಂಡರು. ಕೊನೆಗೆ ಎರಡು ಮನೆ ಉಳಿಯಿತು, ಅದರಲ್ಲಿ ಒಂದು ನಮ್ಮದು. ಬಾವಿಯಲ್ಲಿ ನೀರಿತ್ತು. ಹೊಲದಲ್ಲಿ ರಾಗಿ ಚೆನ್ನಾಗಿಯೇ ಬರುತ್ತಿತ್ತು. ಒಂದು ಮಳೆಗಾಲದ ರಾತ್ರಿ ಪಕ್ಕದ ಮನೆಯ ಅಜ್ಜ ತೀರಿಕೊಂಡರು. ಹೆಗಲು ಕೊಡಲು ನಾಲ್ಕು ಜನ ಗಂಡಸರು ಸಿಗಲಿಲ್ಲ. ನಮ್ಮ ತಂದೆ ನಾಲ್ಕು ಮೈಲಿ ನಡೆದು ಬೇರೆ ಊರಿನಿಂದ ಇಬ್ಬರನ್ನು ಕರೆತಂದರು. ಅದಾದ ಮರು ವರ್ಷವೇ ನಾವೂ ಪೇಟೆಗೆ ಬಂದುಬಿಟ್ಟೆವು.

ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು: “ಅಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ ಕಣೋ, ಜನಕ್ಕೆ ಕೊರತೆ.”

ಆ ಕಣಿವೆಯವರೂ ಇದೇ ಕಾರಣಕ್ಕೆ ಹೋದರು ಎಂದು ನಾನು ಹೇಳುವುದಿಲ್ಲ. ಏಳುನೂರು ವರ್ಷ ಹಿಂದಿನ ಅವರ ಮನಸ್ಸನ್ನು ನಾನು ಬಲ್ಲವನಲ್ಲ. ಆದರೆ ನಮ್ಮ ಹಳ್ಳಿಯ ಮಳೆ ಬೆಳೆಯ ಲೆಕ್ಕವನ್ನಷ್ಟೇ ಕಂಪ್ಯೂಟರಿಗೆ ಕೊಟ್ಟಿದ್ದರೆ ಅದು ನಮ್ಮನ್ನು ಇನ್ನೂ ಅಲ್ಲೇ ಇರಿಸಿರುತ್ತಿತ್ತು ಎಂಬುದಂತೂ ಖಂಡಿತ.

ಹುಣಸೆ ಬೀಜದ ಆಟ

ಮಕ್ಕಳೇ, ಈ ಆಟವನ್ನು ಮನೆಯಲ್ಲೇ ಆಡಬಹುದು. ನಾನೂ ಮೊಮ್ಮಗಳೂ ಒಂದು ಭಾನುವಾರ ಆಡಿದೆವು. ಕಂಪ್ಯೂಟರ್ ಬೇಡ. ಒಂದು ಹಿಡಿ ಹುಣಸೆ ಬೀಜ, ಮೂರು ನಾಣ್ಯ, ಒಂದು ದಾಳ, ಒಂದು ನೋಟ್‌ಬುಕ್ ಸಾಕು. ಇದು ನಮ್ಮ ಸ್ವಂತ ಆಟ, ಸಂಶೋಧಕರದ್ದಲ್ಲ.

ಒಂದು ಬೀಜ ಎಂದರೆ ಒಂದು ಸಂಸಾರ. ಹತ್ತು ಬೀಜದಿಂದ ಶುರು ಮಾಡಿ. ಪ್ರತಿ ವರ್ಷ ಒಂದೊಂದು ಬೀಜಕ್ಕೂ ಮೂರು ನಾಣ್ಯ ಒಟ್ಟಿಗೆ ಚಿಮ್ಮಿ. ಮೂರೂ ತಲೆ ಬಿದ್ದರೆ ಒಂದು ಹೊಸ ಬೀಜ ಸೇರಿಸಿ. ಎಂಟರಲ್ಲಿ ಒಂದು ಸಲ ಹೀಗಾಗುವ ಸಂಭವವಿದೆ. ಆಮೇಲೆ ದಾಳ ಹಾಕಿ, ಬಿದ್ದ ಸಂಖ್ಯೆಯನ್ನು ಆರರಿಂದ ಗುಣಿಸಿ. ಆ ವರ್ಷದ ಬೆಳೆ ಅಷ್ಟು ಸಂಸಾರಕ್ಕೆ ಮಾತ್ರ ಸಾಕು. ಹೆಚ್ಚಿನ ಬೀಜಗಳನ್ನು ತೆಗೆಯಿರಿ, ಅವರು ಊರು ಬಿಟ್ಟರು. ಉಳಿದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೀಗೆ ಇಪ್ಪತ್ತು ವರ್ಷ ಆಡಿ.

ನೀವೂ ನಿಮ್ಮ ಗೆಳೆಯರೂ ಬೇರೆ ಬೇರೆ ಆಡಿದರೆ ಇಬ್ಬರ ಊರಿನ ಚರಿತ್ರೆಯೂ ಬೇರೆ ಬೇರೆ ಆಗಿರುತ್ತದೆ, ನಿಯಮ ಒಂದೇ ಆದರೂ. ಒಂದು ವಿಷಯ ಮಾತ್ರ ಎಲ್ಲರಿಗೂ ಸಮಾನ. ಊರು ಎಂದಿಗೂ ಪೂರ್ತಿ ಬರಿದಾಗುವುದಿಲ್ಲ. ದಾಳದಲ್ಲಿ ಒಂದು ಬಿದ್ದರೂ ಆರು ಸಂಸಾರಕ್ಕೆ ಅನ್ನವಿದೆ.

ಈಗ ಇನ್ನೊಂದೇ ಒಂದು ನಿಯಮ ಸೇರಿಸಿ ಮತ್ತೆ ಆಡಿ. ಬೀಜಗಳು ಎಂಟಕ್ಕಿಂತ ಕಡಿಮೆಯಾದರೆ ಉಳಿದವರೂ ಊರು ಬಿಡುತ್ತಾರೆ. ನಮ್ಮ ಊರು ಏಳನೆಯ ವರ್ಷಕ್ಕೆ ಖಾಲಿಯಾಯಿತು. ದಾಳದಲ್ಲಿ ಒಂದು ಬಿತ್ತು, ಆರು ಬೀಜ ಉಳಿಯಿತು, ಅವೂ ಹೋದವು. ಆರು ಸಂಸಾರಕ್ಕೆ ಅನ್ನವಿದ್ದ ಹೊಲ ಹಾಗೇ ಉಳಿಯಿತು. ಮೊಮ್ಮಗಳು ಆ ಆರು ಬೀಜಗಳನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಇಪ್ಪತ್ತು ವರ್ಷ ಆಡುವಷ್ಟರಲ್ಲಿ ನಾಣ್ಯ ಚಿಮ್ಮಿ ಚಿಮ್ಮಿ ಹೆಬ್ಬೆರಳು ನೋಯುತ್ತದೆ. ಆ ಕಣಿವೆಯದು 550 ವರ್ಷದ, ನೂರಾರು ಸಂಸಾರಗಳ ಆಟ, ಅದೂ ಮತ್ತೆ ಮತ್ತೆ. ಕಂಪ್ಯೂಟರ್ ಯಾಕೆ ಬೇಕು ಎಂದು ಹೆಬ್ಬೆರಳಿಗೇ ಅರ್ಥವಾಗುತ್ತದೆ. ದೊಡ್ಡ ಮಕ್ಕಳಿಗೆ ನೆಟ್‌ಲೋಗೊ ಎಂಬ ಉಚಿತ ತಂತ್ರಾಂಶವಿದೆ. ಇಂಥ ಊರುಗಳನ್ನು ಅದರಲ್ಲಿ ನೀವೇ ಕಟ್ಟಿ ಆಡಿಸಬಹುದು.

ಆಡಿಟ್ ಆಗದ ಲೆಕ್ಕ ಲೆಕ್ಕವಲ್ಲ

ಬ್ಯಾಂಕಿನಲ್ಲಿ ಎಷ್ಟೇ ನಂಬಿಕಸ್ಥ ಗುಮಾಸ್ತ ಬರೆದ ಲೆಕ್ಕವಾದರೂ ಆಡಿಟರ್ ಬಂದು ನೋಡಲೇಬೇಕು. ಈ ಕಣಿವೆಯ ಲೆಕ್ಕಕ್ಕೂ ಆಡಿಟ್ ಆಯಿತು. ಅರಿಜೋನಾದಲ್ಲೇ ಕೆಲಸ ಮಾಡುತ್ತಿದ್ದ ಮಾರ್ಕೊ ಯಾನ್ಸೆನ್ ಎಂಬ ಸಂಶೋಧಕರು ಇಡೀ ಆಟವನ್ನು ನೆಟ್‌ಲೋಗೊದಲ್ಲಿ ಹೊಸದಾಗಿ ಕಟ್ಟಿ 2009ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಮೊದಲಿನವರ ಫಲಿತಾಂಶ ಅವರಿಗೂ ಬಂತು. ಆದರೆ ಅವರು ಒಂದು ಆಕ್ಷೇಪವನ್ನೂ ಬರೆದರು. ಏರಿಳಿತ ನಿಜಕ್ಕೆ ಹೊಂದಿದ್ದರಲ್ಲಿ ಹೆಚ್ಚಿನ ಪಾಲು ನೆಲ ಎಷ್ಟು ಜನರನ್ನು ಸಾಕಬಲ್ಲದು ಎಂಬ ಲೆಕ್ಕದ್ದು. ಸಂಸಾರಗಳ ನಡವಳಿಕೆಗೆ ಕೊಟ್ಟ ನಿಯಮಗಳದ್ದು ಅಷ್ಟಾಗಿ ಇಲ್ಲ ಎಂದು. ಅಂದರೆ ಹೊಂದಿಕೆ ಬಂತು ಎಂದ ಮಾತ್ರಕ್ಕೆ ಮನುಷ್ಯರ ಮನಸ್ಸು ನಮಗೆ ತಿಳಿಯಿತು ಎಂದು ಬೀಗುವಂತಿಲ್ಲ.

ಇಂದು ಇಡೀ ಜಗತ್ತಿನ ಜನಸಂಖ್ಯೆಯ ಮುನ್ಸೂಚನೆಯಲ್ಲೂ ಇದೇ ಎಚ್ಚರ ಬೇಕು. ವಿಶ್ವಸಂಸ್ಥೆ 2024ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನ ಜನಸಂಖ್ಯೆ 2080ರ ದಶಕದ ಮಧ್ಯದಲ್ಲಿ ಸುಮಾರು 1,030 ಕೋಟಿ ಮುಟ್ಟಿ, ಆಮೇಲೆ ನಿಧಾನವಾಗಿ ಇಳಿಯತೊಡಗುತ್ತದೆ. ಅವರೂ ಕಂಪ್ಯೂಟರಿನಲ್ಲಿ ಒಂದೇ ಭವಿಷ್ಯ ಬರೆಯುವುದಿಲ್ಲ, ಸಾಧ್ಯವಿರುವ ಅನೇಕ ಭವಿಷ್ಯಗಳನ್ನು ಓಡಿಸಿ ನಡುವಿನದನ್ನು ಹೇಳುತ್ತಾರೆ. ಇದು ಪಂಚಾಂಗದ ಫಲವಲ್ಲ. ಇಂಥ ನಿಯಮ ಹೀಗೇ ನಡೆದರೆ ಹೀಗಾದೀತು ಎಂಬ ಮಾತು ಅಷ್ಟೇ.

ಅಂದ ಹಾಗೆ, ಕಣಿವೆಯಿಂದ ಹೋದವರು ಮಾಯವಾಗಲಿಲ್ಲ. ಅವರ ವಂಶದ ಹೋಪಿ ಜನರ ಊರುಗಳು ಅಲ್ಲಿಂದ ದಕ್ಷಿಣಕ್ಕೆ, ಎತ್ತರದ ಮಟ್ಟಸ ಗುಡ್ಡಗಳ ಮೇಲೆ ಇಂದಿಗೂ ಇವೆ. ಇಂದಿಗೂ ಅವರು ಮೆಕ್ಕೆಜೋಳ ಬೆಳೆಯುತ್ತಾರೆ. ಖಾತೆ ಮುಚ್ಚಲಿಲ್ಲ, ಬೇರೆ ಶಾಖೆಗೆ ವರ್ಗವಾಯಿತು ಎನ್ನಬೇಕು.

ಮಾರನೆಯ ದಿನ ಮೊಮ್ಮಗಳ ಹೋಂವರ್ಕ್ ಪುಸ್ತಕ ತೆರೆದು ನೋಡಿದೆ. ಉತ್ತರ 10,612 ಎಂದು ಬರೆದಿದ್ದಳು. ದಶಮಾಂಶದ ಮನುಷ್ಯನನ್ನು ಕೈಬಿಟ್ಟಿದ್ದಳು. ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ, “ಯಾರೂ ಊರು ಬಿಡದೆ ಇದ್ದರೆ” ಎಂದು ಸೇರಿಸಿದ್ದಳು. ಟೀಚರ್ ಅದಕ್ಕೂ ಒಂದು ಸರಿ ಗುರುತು ಹಾಕಿದ್ದರು.